ಮಾಡಿನ ಮೇಲೊಂದು ಮಾಡು

ಈ ಬೇಸಿಗೆಯಲ್ಲಿ ನಮ್ಮ ಬಡಾವಣೆಯಲ್ಲಿ ಆಲಿಕಲ್ಲು ಮಳೆ ಜೋರಾಗಿ ಬಿತ್ತು. ಅಮೆರಿಕದ ಮಿನ್ನೆಸೋಟದವರಿಗೆ ಇದು ಹೊಸದಲ್ಲ. ಆದರೆ ಈ ಸಲ ಕಲ್ಲುಗಳು ದೊಡ್ಡವಿದ್ದವು, ಜೊತೆಗೆ ಗಾಳಿಯೂ ಸೇರಿಕೊಂಡಿತ್ತು. ಕೆಲವು ದಿನ ಬಿಟ್ಟು ವಿಮೆಯವರು ಬಂದು, ಏಣಿ ಇಟ್ಟು ಮಾಡು, ಅಂದರೆ ಮನೆಯ ಚಾವಣಿ, ಹತ್ತಿದರು. ಹತ್ತಡಿ ಉದ್ದ, ಹತ್ತಡಿ ಅಗಲದ ಚೌಕ ಎಳೆದುಕೊಂಡು ಅದರೊಳಗೆ ಪೆಟ್ಟು ಬಿದ್ದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಕೆಳಗೆ ನಿಂತು ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಆದರೆ ಸೂರಿನ ಪೈಪಿಗೆ ಕೈ ಹಾಕಿದರೆ ಹಿಡಿ ಹಿಡಿ ಕಪ್ಪು ಹರಳು ಸಿಗುತ್ತಿತ್ತು.

ಇಲ್ಲಿ ಬಹುಪಾಲು ಮನೆಗಳಿಗೆ ಹೊದಿಸುವುದು ಶಿಂಗಲ್ಸ್. ಗಾಜಿನ ನಾರಿನ ಹಾಳೆಗೆ ಡಾಂಬರು ಬಳಿದು, ಮೇಲೆ ಕಲ್ಲಿನ ಸಣ್ಣ ಹರಳು ಕೂರಿಸಿದ ಪಟ್ಟಿಗಳು ಅವು. ಬಿಸಿಲಿನಿಂದ ಡಾಂಬರನ್ನು ಕಾಯುವುದು ಆ ಹರಳೇ. ಅದು ಉದುರಿದ ಕಡೆ ಡಾಂಬರು ಒಣಗಿ ಬಿರಿಯುತ್ತದೆ, ನಾಲ್ಕಾರು ವರ್ಷಕ್ಕೆ ಮನೆ ಸೋರಲು ಶುರುವಾಗುತ್ತದೆ. ಹಾಗಾಗಿ ಪೂರ್ತಿ ಬದಲಾಯಿಸಬೇಕು ಎಂದು ತೀರ್ಮಾನವಾಯಿತು.

ಗುತ್ತಿಗೆದಾರರು ಬಿಟ್ಟುಹೋದ ಮಾದರಿ ತುಂಡುಗಳನ್ನೆಲ್ಲ ಹಿಂದಿನ ಜಗಲಿಯ ಮೇಜಿನ ಮೇಲೆ ಹರಡಿದ್ದೆವು. ಹೆಂಡತಿ, ಮಗಳು ಬಣ್ಣ ನೋಡುತ್ತಿದ್ದರು. ಪಕ್ಕದ ಮನೆಯ ಅಜ್ಜ ಬೇಲಿ ದಾಟಿ ಬಂದರು. ಜೀವಮಾನವೆಲ್ಲ ಬಡಗಿ ಕೆಲಸ ಮಾಡಿದವರು. ಒಂದು ತುಂಡನ್ನು ಕೈಗೆ ತಗೊಂಡು ಬಗ್ಗಿಸಿದರು, ತಿರುಗಿಸಿ ಬೆನ್ನಿನ ಕಡೆ ಉಗುರಿನಿಂದ ಗೀರಿದರು. "ಬಣ್ಣ ಆಮೇಲೆ. ಈ ಮನೆ ಮೇಲೆ ವರ್ಷವಿಡೀ ಏನೇನು ಬೀಳುತ್ತೆ, ಮೊದಲು ಅದನ್ನ ಲೆಕ್ಕ ಹಾಕಿ" ಅಂದರು.

ಆಮೇಲೆ ಅವರು ಹೇಳಿದ್ದೆಲ್ಲ ನನಗೆ ತುಂಬಾ ಹಿಡಿಸಿತು. ಇಲ್ಲಿ ಚಳಿಗಾಲಕ್ಕೆ 50 ಇಂಚಿಗೂ ಮೇಲೆ ಹಿಮ ಬೀಳುತ್ತದೆ. ಮೈನಸ್ 25 ಡಿಗ್ರಿಗೆ ಇಳಿಯುವ ರಾತ್ರಿಗಳೂ ಇವೆ. ಮನೆಯೊಳಗಿನ ಬಿಸಿ ಅಟ್ಟಕ್ಕೆ ಏರಿ ಮಾಡನ್ನು ಬೆಚ್ಚಗೆ ಮಾಡಿದರೆ ಮೇಲಿನ ಹಿಮ ಕರಗುತ್ತದೆ. ಕರಗಿದ ನೀರು ಇಳಿದು ಸೂರಿಗೆ ಬಂದಾಗ ಅಲ್ಲಿ ಕೆಳಗೆ ಬಿಸಿ ಇಲ್ಲ, ಮತ್ತೆ ಗಡ್ಡೆಕಟ್ಟುತ್ತದೆ. ಮಂಜುಗಡ್ಡೆಯ ಒಡ್ಡು ಬೆಳೆಯುತ್ತಾ ಹೋಗಿ, ಹಿಂದೆ ನಿಂತ ನೀರು ಶಿಂಗಲ್ಸ್‌ನ ಅಡಿಗೆ ನುಗ್ಗಿ ಗೋಡೆಯೊಳಗೆ ಇಳಿಯುತ್ತದೆ. ಎಷ್ಟೇ ದುಬಾರಿ ಶಿಂಗಲ್ಸ್ ತಂದರೂ ಇದನ್ನು ತಡೆಯಲಾಗದು. ಅದಕ್ಕೆ ಸೂರಿನಿಂದ ಮೇಲಕ್ಕೆ, ಹೊರಗೋಡೆಯನ್ನು ದಾಟಿ ಒಳಗೆ ಎರಡಡಿಯವರೆಗೆ, ಅಂಟುವ ರಬ್ಬರ್ ಡಾಂಬರಿನ ಹಾಳೆ ಹಾಸಬೇಕು. ಅಟ್ಟದ ನೆಲಕ್ಕೆ ಬಿಸಿ ತಡೆಯುವ ಹೊದಿಕೆ ಹಾಕಬೇಕು. ಸೂರಿನ ಅಡಿಯಿಂದ ತಣ್ಣನೆ ಗಾಳಿ ಒಳಗೆ ಬಂದು ನೆತ್ತಿಯಿಂದ ಹೊರಗೆ ಹೋಗುವ ಹಾಗೆ ದಾರಿ ಬಿಡಬೇಕು.

ಆಲಿಕಲ್ಲಿಗೆ ಬೇರೆ ಲೆಕ್ಕ. ಪೆಟ್ಟು ತಡೆಯುವ ಶಕ್ತಿಗೆ ಒಂದರಿಂದ ನಾಲ್ಕರವರೆಗೆ ದರ್ಜೆ ಇದೆ. ನಾಲ್ಕನೇ ದರ್ಜೆಗೆ ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸುತ್ತಾರೆ. ಬೆನ್ನಿನ ಕಡೆ ಬಿರುಕು ಕಾಣಬಾರದು. ಇಂಥದ್ದಕ್ಕೆ ಡಾಂಬರಿನ ಜೊತೆ ರಬ್ಬರಿನಂಥ ಪದಾರ್ಥ ಬೆರೆಸಿದ ಶಿಂಗಲ್ಸ್ ಒಳ್ಳೆಯದು. ಚಳಿಯಲ್ಲೂ ಅದು ಬಾಗುತ್ತದೆ, ಬೇಗ ಸೀಳುವುದಿಲ್ಲ. ಅಜ್ಜ ಬಗ್ಗಿಸಿ ನೋಡಿದ್ದು ಅದಕ್ಕೇ. ಇನ್ನೊಂದು ಮಾತು ಹೇಳಿದರು: ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುವುದು ಬಿಸಿಲಿನ ಕಾವಿಗೆ, ಹಾಗಾಗಿ ಕೆಲಸ ಚಳಿಗಾಲಕ್ಕೆ ತಳ್ಳಬೇಡಿ.

ಆಮೇಲೆ ಬೇರೆ ಊರುಗಳಲ್ಲಿರುವ ಸ್ನೇಹಿತರನ್ನು ವಿಚಾರಿಸಿದೆ. ಹ್ಯೂಸ್ಟನ್‌ನಲ್ಲಿರುವವನಿಗೆ ಹಿಮದ ಚಿಂತೆಯೇ ಇಲ್ಲ. ಅಲ್ಲಿ ಚಂಡಮಾರುತ, ಹಾಗಾಗಿ ಪಟ್ಟಿಗೆ ನಾಲ್ಕರ ಬದಲು ಆರು ಮೊಳೆ. ಸೆಕೆ, ತೇವದಿಂದ ಮಾಡಿನ ಮೇಲೆ ಹಾವಸೆಯ ಕಪ್ಪು ಗೆರೆ ಇಳಿಯುತ್ತದೆ, ಅದಕ್ಕೆ ತಾಮ್ರ ಸೇರಿಸಿದ ಹರಳಿನ ಶಿಂಗಲ್ಸ್. ಫೀನಿಕ್ಸ್‌ನಲ್ಲಿ ಬಿಸಿಲೇ ಶತ್ರು. ಅಲ್ಲಿ ತಿಳಿ ಬಣ್ಣ ಹುಡುಕುತ್ತಾರೆ, ಹೆಂಚು ಹೊದಿಸಿದ ಮನೆಗಳೂ ಸಾಲು ಸಾಲು. ಒಂದೇ ದೇಶ, ಆದರೆ ಆಕಾಶಕ್ಕೆ ತಕ್ಕ ಮಾಡು.

ಮಾತಿನ ನಡುವೆ ಅಜ್ಜ ಮಗಳನ್ನು ಕೇಳಿದರು: "ಇಂಡಿಯಾದಲ್ಲಿ ನಿನ್ನ ಅಜ್ಜನ ಮನೆಗೆ ಎಂಥ ಮಾಡು ಇದೆ?"

ಅವಳು ತಕ್ಷಣ ಹೇಳಿದಳು: "ಎರಡು ಇದೆ. ಕೆಳಗಿನದು ಸೋರುತ್ತೆ. ಅದಕ್ಕೆ ಅದರ ಮೇಲೆ ಇನ್ನೊಂದು ಹಾಕಿದ್ದಾರೆ."

ಅವರು ನಗಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದರು. "ಹಾಗಾದರೆ ಕೆಳಗಿನದನ್ನು ಹಾಗೆ ಕಟ್ಟಿದ್ದು ಯಾಕೆ?"

ಮಗಳು ನನ್ನ ಮುಖ ನೋಡಿದಳು. ನನಗೆ ಮನಸ್ಸಿಗೆ ನಾಟಿತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಊರಿಗೆ ಹೋದರೆ ಅವಳ ಕಣ್ಣಿಗೆ ಬೀಳುವುದು ಅದೇ. ಕಾಂಕ್ರೀಟಿನ ಚಪ್ಪಟೆ ತಾರಸಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟು. ನಮ್ಮದೊಂದೇ ಅಲ್ಲ. ಆಗುಂಬೆಯಿಂದ ಹೊಸನಗರದವರೆಗೆ ಯಾವ ರಸ್ತೆಯಲ್ಲಿ ಹೋದರೂ ಅದೇ, ನೀಲಿ ಶೀಟು, ಕೆಂಪು ಶೀಟು.

ಅವಳು ನೋಡದೇ ಇರುವ ಮನೆಯೊಂದಿತ್ತು. ಅದೇ ಜಾಗದಲ್ಲಿದ್ದ ಹೆಂಚಿನ ಮನೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಹೆಂಚು ನಿಧಾನಕ್ಕೆ ಘಟ್ಟ ಹತ್ತಿತು. ಅದಕ್ಕೂ ಮೊದಲು ಹುಲ್ಲು, ಅಡಿಕೆ ಸೋಗೆ, ಇದ್ದವರ ಮನೆಗೆ ಕುಂಬಾರರು ಮಾಡಿದ ನಾಡಹೆಂಚು. ನಮ್ಮ ಮನೆಯ ದೊಡ್ಡ ಮಾಡಿಗೆ ಮಂಗಳೂರು ಹೆಂಚು, ಕೊಟ್ಟಿಗೆಗೆ ನಾಡಹೆಂಚು, ಸೌದೆ ಕೊಟ್ಟಿಗೆಗೆ ಸೋಗೆ ಇತ್ತು. ಮೂರೂ ಇಳಿಜಾರು. ಸೂರು ಎಷ್ಟು ಕೆಳಗಿತ್ತೆಂದರೆ ದೊಡ್ಡವರು ತಲೆ ಬಗ್ಗಿಸಿಯೇ ಜಗಲಿ ಹತ್ತಬೇಕಿತ್ತು. ಮಣ್ಣಿನ ಗೋಡೆಗೆ ಎರಚಲು ತಾಗಬಾರದು ಅಂತ ಹಾಗೆ ಇಳಿಸಿದ್ದು. ಅದೂ ಸಾಲದ ಪಡುವಣ ದಿಕ್ಕಿಗೆ ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು.

ಮೇ ತಿಂಗಳು ಬಂತೆಂದರೆ ಹೆಂಚು ಕೈಯಾಡಿಸುವ ಕೆಲಸ. ಅಪ್ಪಯ್ಯ ಮಾಡು ಹೊರುವ ಇಳಿಜಾರು ಮರದ ತೊಲೆ, ಅಂದರೆ ಪಕಾಸಿನ ಮೇಲೆ ಕಾಲಿಟ್ಟು ಹತ್ತುತ್ತಿದ್ದರು, ಹೆಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ ಅಂತ ಕೆಳಗಿನಿಂದ ಅಮ್ಮ ಕೂಗುತ್ತಿದ್ದರು. ಒಡಕು ಹೆಂಚು ತೆಗೆದು ಬೇರೆ ಹಾಕುವುದು, ಎರಡು ಮಾಡು ಸೇರುವ ಮೂಲೆಯಲ್ಲಿ ಕೂತ ದರಗು (ಒಣಗಿದ ಎಲೆ) ಬಾಚುವುದು, ಗೆದ್ದಲು ಹಿಡಿದ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಬದಲಾಯಿಸುವುದು. ನಮ್ಮ ಕೆಲಸ ಕೆಳಗೆ ಕತ್ತಲೆಯ ಅಟ್ಟದಲ್ಲಿ ನಿಂತು, ಬೆಳಕಿನ ಚುಕ್ಕೆ ಕಂಡಲ್ಲಿ ಕೋಲಿನಿಂದ ತಟ್ಟಿ "ಇಲ್ಲಿ" ಅನ್ನುವುದು. ಅಡುಗೆಮನೆ ಒಲೆಯ ಹೊಗೆ ಆ ಅಟ್ಟಕ್ಕೆ ಏರಿ ಹೆಂಚಿನ ಸಂದಿನಿಂದ ಆಚೆ ಹೋಗುತ್ತಿತ್ತು. ಹೊಗೆ ಕುಡಿದ ಪಕಾಸು ಕಪ್ಪಾಗಿ ಮಿರುಗುತ್ತಿತ್ತು, ಅದಕ್ಕೆ ಹುಳ ಬೀಳುತ್ತಿರಲಿಲ್ಲ. ಈಗ ಇಲ್ಲಿ ಸೂರಿನಲ್ಲಿ, ನೆತ್ತಿಯಲ್ಲಿ ಗಾಳಿಗೆ ದಾರಿ ಬಿಡಲು ನಾನು ಹಣ ಕೊಡುತ್ತಿದ್ದೇನೆ. ಆ ಹೆಂಚಿನ ಮಾಡಿಗೆ ಉಸಿರಾಟ ತಾನಾಗಿ ಇತ್ತು.

ನಮ್ಮ ಜಿಲ್ಲೆಯ ಆಕಾಶವೂ ಒಂದೇ ಥರ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆ. ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಶಿಕಾರಿಪುರದ ಕಡೆ ಬಯಲು ಸೀಮೆಯ ಹವೆ. ಶಿವಮೊಗ್ಗ ಪೇಟೆಯಲ್ಲಿ ತಾರಸಿ ಮನೆ ಚೆನ್ನಾಗಿಯೇ ಬಾಳುತ್ತದೆ. ಅದೇ ನಕ್ಷೆಯನ್ನು ಘಟ್ಟದ ನೆತ್ತಿಗೆ ತಂದರೆ ಹೇಗೆ? ತಿಂಗಳುಗಟ್ಟಲೆ ಬಿಸಿಲು ಕಾಣದ ಜಾಗದಲ್ಲಿ ಚಪ್ಪಟೆ ತಾರಸಿಯ ಮೇಲೆ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಕೂದಲೆಳೆಯ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ.

ಊರಿನವರ ಕಷ್ಟ ನನಗೆ ಗೊತ್ತು. ಹೆಂಚು ಬಿಟ್ಟಿದ್ದು ಬರೀ ಷೋಕಿಗಲ್ಲ. ಮಂಗನ ಕಾಟ ಅಷ್ಟಿಷ್ಟಲ್ಲ. ಒಂದು ಹಿಂಡು ಮಾಡಿನ ಮೇಲೆ ಹಾದುಹೋದರೆ ಒಂದು ಬುಟ್ಟಿ ಹೆಂಚು ಹೋಯಿತು ಅಂತಲೇ ಲೆಕ್ಕ. ಒಳ್ಳೆ ಮರ ಸಿಗುವುದಿಲ್ಲ, ಸಿಕ್ಕರೂ ಕೊಳ್ಳುವ ಹಾಗಿಲ್ಲ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಮೇ ತಿಂಗಳಲ್ಲಿ ಮಾಡು ಹತ್ತುವವರು ಯಾರು? ಮಕ್ಕಳು ಬೆಂಗಳೂರಿನಲ್ಲೋ, ನನ್ನ ಹಾಗೆ ಸಮುದ್ರದಾಚೆಯೋ ಇದ್ದಾರೆ. ಶೀಟು ಹಾಕಿದ ಮೇಲೆ ತಾರಸಿ ಅಡಿಕೆ ಒಣಗಿಸಲು, ಬಟ್ಟೆ ಹರವಲು ಒದಗಿತು ಅಂತ ಅಮ್ಮನಿಗೆ ಖುಷಿಯೇ ಇದೆ. ಅದೂ ನಿಜವೇ.

ಆದರೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಕೈಗೆ ನಾಲ್ಕು ಕಾಸು ಬಂದ ಕಾಲಕ್ಕೆ ಹೆಂಚಿನ ಮನೆ ಅಂದರೆ ಬಡತನ, ತಾರಸಿ ಮನೆ ಅಂದರೆ ಏಳಿಗೆ ಅನ್ನುವ ಮಾತು ಹಬ್ಬಿತು. ಮದುವೆ ಮಾತುಕತೆಯಲ್ಲೂ "ತಾರಸಿ ಮನೆ ಅಲ್ವಾ?" ಅನ್ನುವ ಪ್ರಶ್ನೆ ಬರುತ್ತಿತ್ತು. ಎಷ್ಟೋ ತಲೆಮಾರು ಮಳೆಯಲ್ಲಿ ನೆನೆದು ಕಲಿತ ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಾವೇ ಕೆಳಗಿಟ್ಟೆವು. ಪಕ್ಕದ ಮನೆಯ ಅಜ್ಜನ ಪ್ರಶ್ನೆ ನೋಯಿಸಿದ್ದು ಅದಕ್ಕೇ. ಅವರು ನನಗೆ ಕಲಿಸಿದ ಲೆಕ್ಕ ನಮ್ಮ ದೊಡ್ಡಪ್ಪನಿಗೂ ಗೊತ್ತಿತ್ತು. ಅವರು ಓದು ಬರಹ ಹೆಚ್ಚು ಕಲಿತವರಲ್ಲ. ಆದರೆ ಜಾಗ ನೋಡಿ, ಗಾಳಿ ನೋಡಿ, ಮಾಡು ಎಷ್ಟು ಜಾರು ಇರಬೇಕು ಅಂತ ಕೈಯಲ್ಲೇ ತೋರಿಸುತ್ತಿದ್ದರು.

ಈಗ ಊರಿನಲ್ಲಿರುವ ನನ್ನ ತಮ್ಮ, ತೋಟದ ಹತ್ತಿರ ಹೊಸ ಮನೆ ಕಟ್ಟಿಸಲು ಹೊರಟಿದ್ದಾನೆ. ನಮ್ಮ ಮಾಡಿನ ಫೋಟೋ ಕಳಿಸಿದ ದಿನವೇ ಫೋನ್ ಮಾಡಿದ. "ಅಣ್ಣಯ್ಯ, ನಾನೂ ಇದನ್ನೇ ಹಾಕಸ್ತೀನಿ. ಇಲ್ಲಿ ಹೋಂಸ್ಟೇಗಳಿಗೆಲ್ಲ ಈಗ ಶಿಂಗಲ್ಸೇ. ಮಂಗ ಒಡೆಯೋ ಭಯ ಇಲ್ಲ."

ಮಂಗದ ವಿಷಯ ಒಪ್ಪಿದೆ. ಭಾರವೂ ಹೆಂಚಿಗಿಂತ ಕಡಿಮೆ. ಆದರೆ ಶಿಂಗಲ್ಸ್ ತನ್ನಷ್ಟಕ್ಕೆ ನಿಲ್ಲುವುದಿಲ್ಲ, ಅಡಿಗೆ ಪೂರ್ತಿ ಹಲಗೆ ಬೇಕು. ಇಲ್ಲಿ ಆ ಹಲಗೆ ವರ್ಷದ ಬಹುಪಾಲು ಒಣಗಿರುತ್ತದೆ. ಅವನ ಮನೆ ಅಡಿಕೆ ತೋಟದ ನೆರಳಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಟ್ಟಿಕ್ಕುವ ಜಾಗದಲ್ಲಿ. ಅಲ್ಲಿ ಪ್ಲೈವುಡ್ ತೇವ ಕುಡಿದು ಉಬ್ಬಿದರೆ ಮೇಲಿನದು ಎಷ್ಟು ಗಟ್ಟಿ ಇದ್ದರೇನು? ಇಳಿಜಾರು ಕಾಂಕ್ರೀಟ್ ಹಾಕಿ ಅದರ ಮೇಲೆ ಹೊದಿಸಬಹುದು, ಆದರೆ ಹಾವಸೆ ಬಿಡುವುದಿಲ್ಲ. ದರಗು ಬಿದ್ದು ಕೊಳೆತು, ಪಟ್ಟಿಯ ಸಂದಿನಲ್ಲಿ ಪಾಚಿ ಬೇರೂರಿದರೆ ಅಂಚು ಎತ್ತುತ್ತದೆ. ಇಲ್ಲಿಗಾಗಿ ಆರಿಸಿದ ಶಿಂಗಲ್ಸ್ ಆಲಿಕಲ್ಲಿಗೆ, ಹಿಮಕ್ಕೆ ಅಂತ. ಅವನಿಗೆ ಆ ಎರಡೂ ಬೇಕಿಲ್ಲ.

"ಮತ್ತೆ ಎಂತ ಹಾಕ್ಲಿ ಮಾರಾಯ?" ಅಂದ.

ನನಗನ್ನಿಸಿದ್ದು ಹೇಳಿದೆ. ಮರದ ಬದಲು ಕಬ್ಬಿಣದ ಪೈಪಿನ ಪಕಾಸು, ರೀಪು. ಅದರ ಮೇಲೆ ಕೆಳಗಿನಿಂದ ಚೆಂದ ಕಾಣುವ ಸೀಲಿಂಗ್ ಹೆಂಚು, ಅದರ ಮೇಲೆ ಮಂಗಳೂರು ಹೆಂಚು. ಎರಡರ ನಡುವೆ ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ತಂಪು, ಮೇಲಿನ ಒಂದು ಹೆಂಚು ಒಡೆದರೂ ಒಳಗೆ ಕೂಡಲೇ ಸೋರುವುದಿಲ್ಲ. ಮಂಗದ ಕಾಟ ತೀರಾ ಜಾಸ್ತಿ ಅಂದರೆ ಇಳಿಜಾರು ಕಾಂಕ್ರೀಟಿನ ಮೇಲೆ ಹೆಂಚು ಕೂರಿಸಲಿ. ಏನೇ ಹಾಕಿದರೂ ಸೂರು ಮೂರಡಿಯಾದರೂ ಹೊರಗೆ ಬರಬೇಕು. ಹೊಸ ನಕ್ಷೆಗಳಲ್ಲಿ ಮೊದಲು ಕತ್ತರಿ ಬೀಳುವುದು ಸೂರಿಗೇ. ಪಡುವಣ ಗೋಡೆಗೆ ದೊಡ್ಡ ಗಾಜಿನ ಕಿಟಕಿ ಬೇಡ. ಎರಡು ಮಾಡು ಸೇರುವ ಮೂಲೆ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಸೋರುವುದು ಯಾವಾಗಲೂ ಅಲ್ಲೇ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಕ್ಷೆ ಬರೆಯೋ ಎಂಜಿನಿಯರ್ ಬೆಂಗಳೂರಿನವರು. ಈ ಎರಚಲು ಅಂದ್ರೆ ಎಂತ ಅಂತ ಅವರಿಗೆ ಹೇಳಿದ್ರೂ ತಿಳಿಯಲ್ಲ" ಅಂದ.

"ಹಾಗಾದ್ರೆ ಮಳೆ ಹಿಡಿದಾಗಲೇ ಕರೆಸು. ಒಂದು ರಾತ್ರಿ ನಮ್ಮನೆಯಲ್ಲೇ ಉಳಕೊಳ್ಳಲಿ. ಬೆಳಿಗ್ಗೆ ಎದ್ದು ನಕ್ಷೆ ಬರೀಲಿ" ಅಂದೆ.

ಆಷಾಢದಲ್ಲೇ ಕರೆಸುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಪಾಯ ತೆಗೆಯುವುದಿಲ್ಲವಂತೆ.