ಬೈಕ್ ಟ್ರ್ಯಾಕರ್, ಮೂರನೇ ಆವೃತ್ತಿ: ಕೊಟ್ಟಿಗೆಹಾರದಲ್ಲಿ ಸಾಯುತ್ತಿದ್ದ ಮಾಡ್ಯೂಲ್ ಕಡೆಗೂ ಎದ್ದು ಕೂತಿತು

ಬೈಕ್ ಕಳುವಾದರೆ ಎಲ್ಲಿದೆ ಅಂತ ಮೆಸೇಜ್ ಕಳಿಸೋದಕ್ಕೆ ನಾವೇ ಕಟ್ಟಿದ ಪೆಟ್ಟಿಗೆ ಇದು. ಹಾಸನದಲ್ಲಿ ಮೇಜಿನ ಮೇಲೆ ಮೂರು ವಾರ ಚಕಾರ ಎತ್ತದೆ ಓಡಿದ ಟ್ರ್ಯಾಕರ್, ಬೈಕಿಗೇರಿ ಬೇಲೂರು ದಾಟಿ ಮೂಡಿಗೆರೆ ದಾರಿ ಹಿಡಿದದ್ದೇ ತಡ, ನಿಮಿಷಕ್ಕೊಂದು ರೀಸೆಟ್. ಕೊಟ್ಟಿಗೆಹಾರದಲ್ಲಂತೂ ಪೂರ್ತಿ ಮಲಗಿಬಿಟ್ಟಿತು. ಕದ್ದವನು ಗಾಡಿಯನ್ನು ಹಾಸನದ ಟವರ್ ಕೆಳಗೇ ನಿಲ್ಲಿಸಿಕೊಂಡರೆ ಸಿಗುತ್ತೆ, ಚಾರ್ಮಾಡಿ ಇಳಿಸಿದರೆ ಇಲ್ಲ ಅನ್ನೋ ಯಂತ್ರ ಯಾರಿಗೆ ಬೇಕು? ಈ ಕಂತು ಪೂರ್ತಿ ಆ ಒಂದು ರೀಸೆಟ್‌ಗೇ ಮೀಸಲು.

ಜೋಡಣೆ ಬಹುಪಾಲು ಹಳೆಯದೇ. ಮಿದುಳಿಗೆ 3.3 ವೋಲ್ಟಿನ ಪ್ರೊ ಮಿನಿ (ಪುಟ್ಟ ಆರ್ಡುಯಿನೋ ಬೋರ್ಡ್), ಮೆಸೇಜ್ ಕಳಿಸೋಕೆ ಸಿಮ್800ಎಲ್ ಅನ್ನೋ 2ಜಿ ಮಾಡ್ಯೂಲ್, ಜಾಗ ಹುಡುಕೋಕೆ ನಿಯೋ-6ಎಂ ಜಿಪಿಎಸ್. ಬೈಕಿನ 12 ವೋಲ್ಟ್ ಬ್ಯಾಟರಿಯಿಂದ 1 ಆಂಪ್ ಫ್ಯೂಸ್ ದಾಟಿ ವೋಲ್ಟೇಜ್ ಇಳಿಸೋ 5 ವೋಲ್ಟ್ ಬಕ್ ಕನ್ವರ್ಟರ್, ಅಲ್ಲಿಂದ ಟಿಪಿ4056 ಚಾರ್ಜಿಂಗ್ ಬೋರ್ಡ್, ಅದರ ಹಿಂದೆ ಒಂದು 18650 ಲಿಥಿಯಂ ಸೆಲ್. ಬ್ಯಾಟರಿ ವೈರ್ ಕತ್ತರಿಸಿದರೂ ಸೆಲ್ ಇರೋವರೆಗೆ ಮೆಸೇಜ್ ಹೋಗಬೇಕು. ಅಲುಗಾಟ ಹಿಡಿಯೋ ಸೆನ್ಸರ್ ಆಗಿ ಇದ್ದ ಎಸ್‌ಡಬ್ಲ್ಯು-420 ಕಿತ್ತು ಬಿಸಾಕಿದ್ದಾಯ್ತು. ಪಕ್ಕದಲ್ಲಿ ಕೆಂಪು ಬಸ್ ಹೋದರೂ "ಕಳ್ಳ ಕಳ್ಳ" ಅನ್ನುತ್ತಿತ್ತು. ಆ ಜಾಗದಲ್ಲಿ ಈಗ ಚಲನೆ ಅಳೆಯೋ ಎಡಿಎಕ್ಸ್‌ಎಲ್345.

ಲಕ್ಷಣ ನೋಡಿದವರಿಗೆ ಗೊತ್ತು. ಮಾಡ್ಯೂಲಿನ ಎಲ್‌ಇಡಿ ನೆಟ್‌ವರ್ಕ್ ಹುಡುಕುವಾಗ ಸೆಕೆಂಡಿಗೊಂದರ ಲೆಕ್ಕದಲ್ಲಿ ಮಿಣುಕುತ್ತೆ, ಸಿಕ್ಕಮೇಲೆ ಮೂರು ಸೆಕೆಂಡಿಗೊಂದು. ಇಲ್ಲಿ ಏಳೆಂಟು ಸಲ ಮಿಣುಕಿ, ಒಂದು ಕ್ಷಣ ಸುಮ್ಮನಾಗಿ, ಮತ್ತೆ ಮೊದಲಿಂದ. ಸಿಮ್ ಬದಲಾಯಿಸಿ (2ಜಿ ಇರೋದೇ ಆಗಬೇಕು, ಜಿಯೋ ಹಾಕಿ ತಲೆ ಚಚ್ಚಿಕೊಳ್ಳಬೇಡಿ), ಆಂಟೆನಾ ಬದಲಾಯಿಸಿ, ಕೋಡಿನಲ್ಲಿ ಡಿಲೇ ಹೆಚ್ಚಿಸಿ ಎಲ್ಲ ಆಯ್ತು. ಮಲ್ಟಿಮೀಟರ್ ಹಿಡಿದರೆ 4.05 ವೋಲ್ಟ್, ಬಂಡೆಯ ಹಾಗೆ ಸ್ಥಿರ.

ಆ ಮೀಟರೇ ದಾರಿ ತಪ್ಪಿಸಿದ್ದು. ಜಿಎಸ್‌ಎಂ ರೇಡಿಯೋ ಸದಾ ಕಿರುಚುವುದಿಲ್ಲ. 4.615 ಮಿಲಿಸೆಕೆಂಡಿಗೊಮ್ಮೆ ಬರೀ 577 ಮೈಕ್ರೋಸೆಕೆಂಡ್ ಕಿರುಚಿ ಬಾಯಿ ಮುಚ್ಚುತ್ತೆ. ಕಿರುಚುವಾಗ 2 ಆಂಪ್ ಹತ್ತಿರ ಎಳೆಯುತ್ತೆ. ಮೀಟರ್ ತೋರಿಸೋದು ಸರಾಸರಿ, ಆ ಕ್ಷಣಕ್ಕೆ ವೋಲ್ಟೇಜ್ ಬೀಳೋ ಹಳ್ಳ ಕಾಣೋದೇ ಇಲ್ಲ. ಟವರ್ ಹತ್ತಿರ ಇದ್ದರೆ ನೆಟ್‌ವರ್ಕೇ "ಮೆಲ್ಲಗೆ ಮಾತಾಡು" ಅಂತ ಶಕ್ತಿ ಇಳಿಸುತ್ತೆ, ದೂರ ಹೋದರೆ 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಪೂರ್ತಿ 2 ವಾಟ್ ಕೇಳುತ್ತೆ. ಹಾಸನದಲ್ಲಿ ಬದುಕಿ ಮಲೆನಾಡಲ್ಲಿ ಸಾಯೋದಕ್ಕೆ ಕಾರಣ ಇದೇ. ಮಾಡ್ಯೂಲಿಗೆ 3.4ರಿಂದ 4.4 ವೋಲ್ಟ್ ಬೇಕು, 577 ಮೈಕ್ರೋಸೆಕೆಂಡ್ ಮಟ್ಟಿಗೆ 3.4ರ ಕೆಳಗೆ ಜಾರಿದರೂ ಆಟ ಮುಗೀತು.

ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ತೋರಿಸೋ ಆಸಿಲೋಸ್ಕೋಪ್ ಇಲ್ಲದವರಿಗೆ ಪ್ರೊ ಮಿನಿಯೇ ಬಡವರ ಸ್ಕೋಪ್. ಮಾಡ್ಯೂಲಿಗೆ ವಿದ್ಯುತ್ ಹೋಗೋ ವಿಸಿಸಿ ಪಿನ್ನಿಂದ 47 ಕೆ, 10 ಕೆ ರೆಸಿಸ್ಟರ್ ಜೋಡಿಯ ಡಿವೈಡರ್ ಹಾಕಿ, ವೋಲ್ಟೇಜ್ ಇಳಿಸಿ ಪ್ರೊ ಮಿನಿಯ ಎ0 ಪಿನ್ನಿಗೆ ಕೊಡಿ, ಒಳಗಿನ 1.1 ವೋಲ್ಟ್ ರೆಫರೆನ್ಸ್ ಆರಿಸಿ. ಒಂದು ಅನಲಾಗ್ ರೀಡ್‌ಗೆ ಸುಮಾರು 110 ಮೈಕ್ರೋಸೆಕೆಂಡ್, ಅಂದರೆ ಒಂದು ಕಿರುಚಾಟದೊಳಗೆ ಐದು ಓದು. ಲೂಪಿನಲ್ಲಿ ಕನಿಷ್ಠ ಅಂಕಿಯನ್ನಷ್ಟೇ ಹಿಡಿದಿಟ್ಟು, ಕರೆಂಟ್ ಹೋದರೂ ಮರೆಯದ ಮೆಮೊರಿಯಾದ ಈಪ್ರಾಮ್‌ಗೆ ಬರೆಸಿ. ಆ 1.1 ಅನ್ನೋದು ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಓಲಾಡುತ್ತೆ, ಹಾಗಾಗಿ ಮೊದಲು ಮೀಟರಿಗೆ ತಾಳೆ ಹಾಕಿಕೊಳ್ಳಿ. ಕೊಟ್ಟಿಗೆಹಾರದಿಂದ ವಾಪಸ್ ಬಂದಮೇಲೆ ಈಪ್ರಾಮ್ ಬಿಚ್ಚಿದರೆ 3.24 ವೋಲ್ಟ್. ಕಳ್ಳ ಸಿಕ್ಕಿಬಿದ್ದ.

ಇನ್ನು ಲೆಕ್ಕ. ಹಳೇ ಪವರ್ ಬ್ಯಾಂಕಿನ ಸೆಲ್ಲಿನ ಒಳರೋಧ 150 ಮಿಲಿಓಮ್. ಟಿಪಿ4056 ಬೋರ್ಡಿನಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡೋ ರಕ್ಷಣಾ ಮಾಸ್‌ಫೆಟ್‌ಗಳು 50. ಸೆಲ್ ಹೋಲ್ಡರಿನ ಸ್ಪ್ರಿಂಗ್ ಎರಡೂ ಕಡೆ ಸೇರಿ 100. 20 ಸೆಂಟಿಮೀಟರಿನ ಜಂಪರ್ ವೈರ್ ಹೋಗಿ ಬರೋದಕ್ಕೆ 85, ಅದರ ತುದಿಗಳ ಕ್ರಿಂಪ್ 40. ಒಟ್ಟು 425. ಎರಡು ಆಂಪಿಗೆ 0.85 ವೋಲ್ಟ್ ದಾರಿಯಲ್ಲೇ ಸೋರಿಹೋಯ್ತು. ರೇಡಿಯೋ ಸುಮ್ಮನಿದ್ದಾಗಿನ 4.08ರಲ್ಲಿ ಅದನ್ನು ಕಳೆದರೆ 3.23. ಅಳತೆಗೂ ಲೆಕ್ಕಕ್ಕೂ ಇಷ್ಟು ಹತ್ತಿರದ ನೆಂಟಸ್ತನ ಈ ಪ್ರಾಜೆಕ್ಟಿನಲ್ಲಿ ಇದೇ ಮೊದಲು.

"ಒಂದು 1000 ಮೈಕ್ರೋಫ್ಯಾರಡ್ ಹಾಕು, ಸರಿಹೋಗುತ್ತೆ" ಅನ್ನೋ ಸಲಹೆ ಎಲ್ಲ ಕಡೆ ಇದೆ. ಹಾಕಿಯೇ ಇತ್ತು. ಎರಡು ಆಂಪನ್ನು ಕೆಪಾಸಿಟರ್ ಒಂದೇ ಹೊತ್ತರೆ 577 ಮೈಕ್ರೋಸೆಕೆಂಡಿನಲ್ಲಿ 1.15 ವೋಲ್ಟ್ ಕುಸಿಯುತ್ತೆ. ಇಲ್ಲಿ ಅದು ಉಪ್ಪಿನಕಾಯಿ, ಊಟ ವೈರಿನದು. ಅದರ ಮೇಲೆ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ ಕೊರಿಯರ್‌ನಲ್ಲಿ ಬಂದ ಕೆಪಾಸಿಟರ್‌ಗಳನ್ನು ಕಾಂಪೊನೆಂಟ್ ಟೆಸ್ಟರಿಗೆ ಹಾಕಿದರೆ 620 ಮೈಕ್ರೋಫ್ಯಾರಡ್, ಇಎಸ್‌ಆರ್ 1.2 ಓಮ್ (ಅಂದರೆ ಕೆಪಾಸಿಟರಿನ ಒಳರೋಧ). ಮೇಲೆ ಮಾತ್ರ ಠೀಕಾಗಿ 1000, ಲೋ ಇಎಸ್‌ಆರ್. ಅದೇ ಪೊಟ್ಟಣದಲ್ಲಿ "9800 ಎಂಎಎಚ್" ಅಂತ ಬರೆದ 18650 ಸೆಲ್ಲುಗಳೂ ಇದ್ದವು. ಒಳ್ಳೇ ಕಂಪನಿಯ ಸೆಲ್ಲೇ 3500 ಆಸುಪಾಸಿಗೆ ನಿಲ್ಲುತ್ತೆ. ಕಳ್ಳತನ ತಡೆಯೋ ಸಾಮಾನು ತರಿಸಿಯೇ ಜೇಬು ಖಾಲಿ!

ಪರಿಹಾರದಲ್ಲಿ ಜಾಣತನ ಏನೂ ಇಲ್ಲ. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಆದ ಹೊಸ ಸೆಲ್, ಒಳರೋಧ 40 ಮಿಲಿಓಮ್. ಬರೀ ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಚ್ಚಬೇಡಿ, ಬಿಸಿಗೆ ಒಳಗಿನ ಸೀಲ್ ಹಾಳಾಗುತ್ತೆ. ಹೋಲ್ಡರ್ ಔಟ್, ಜಂಪರ್ ಔಟ್. 0.75 ಚದರ ಮಿಲಿಮೀಟರ್ ವೈರ್ 6 ಸೆಂಟಿಮೀಟರ್ ಮಾತ್ರ, ಎರಡೂ ತುದಿ ಸೋಲ್ಡರ್. ಟೆಸ್ಟರಿನಲ್ಲಿ ಪಾಸಾದ 2200 ಮೈಕ್ರೋಫ್ಯಾರಡ್ ಒಂದು ಮತ್ತು 100 ನ್ಯಾನೋಫ್ಯಾರಡ್ ಸೆರಾಮಿಕ್ ಒಂದು, ಮಾಡ್ಯೂಲಿನ ಪಿನ್ನಿಗೇ ಅಂಟಿಕೊಂಡಂತೆ. ಟಿಪಿ4056ರ ಪ್ರೋಗ್ರಾಂ ರೆಸಿಸ್ಟರ್ 1.2 ಕೆ ತೆಗೆದು 4.7 ಕೆ ಹಾಕಿದರೆ ಚಾರ್ಜಿಂಗ್ 1 ಆಂಪಿಂದ 250 ಮಿಲಿಆಂಪಿಗೆ ಇಳಿಯುತ್ತೆ, ಮುಚ್ಚಿದ ಪೆಟ್ಟಿಗೆಯ ಸೆಕೆಗೆ ಅದೇ ಕ್ಷೇಮ. ಈಗ ಒಟ್ಟು ರೋಧ 100 ಮಿಲಿಓಮ್ ಹತ್ತಿರ. ಅದೇ ದಾರಿ, ಅದೇ ಕೊಟ್ಟಿಗೆಹಾರ: ಕನಿಷ್ಠ 3.90 ವೋಲ್ಟ್, ರೀಸೆಟ್ ಸೊನ್ನೆ.

ಇಷ್ಟಾದರೂ ಕೆಲವು ತೋಟಗಳಲ್ಲಿ 2ಜಿ ಅನ್ನೋದೇ ಇಲ್ಲ. ಅಲ್ಲಿ ಕಣದ ಬೆಳೆ ಕಾಯೋಕೆ ಸಿಮ್ ನಂಬಿ ಕೂರೋ ಬದಲು ಲೋರಾ (ಮೊಬೈಲ್ ಟವರ್ ಬೇಡದ, ದೂರಕ್ಕೆ ಮುಟ್ಟೋ ರೇಡಿಯೋ) ಹಾಕಬೇಕು. 865ರಿಂದ 868 ಮೆಗಾಹರ್ಟ್ಸ್ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು, ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ 433ರದ್ದು ತರಿಸಿ ಕೈಸುಟ್ಟುಕೊಳ್ಳಬೇಡಿ. ಕಣದ ನಾಲ್ಕು ಮೂಲೆಗೆ ಇನ್‌ಫ್ರಾರೆಡ್ ಬೀಮ್, ಗೋಡೌನ್ ಬಾಗಿಲಿಗೆ ಅದು ತೆರೆದದ್ದು ಹೇಳೋ ರೀಡ್ ಸ್ವಿಚ್, ಮನೆ ಹತ್ತಿರ ಒಂದು ರಿಸೀವರ್. ಕಾಳುಮೆಣಸು ಒಣಗೋ ಹೊತ್ತಿಗೆ ಇದೆಲ್ಲ ಕಣದಲ್ಲಿ ನಿಲ್ಲಬೇಕು. ನಾಯಿ ದಾಟಿದರೆ ಕೂಗದ ಹಾಗೆ ಎರಡು ಎತ್ತರದಲ್ಲಿ ಬೀಮ್ ಇಟ್ಟು ಎರಡೂ ಒಟ್ಟಿಗೆ ಕಡಿದಾಗ ಮಾತ್ರ ಎಚ್ಚರಿಕೆ... ಇರಲಿ, ಇದು ಮುಂದಿನ ಕಂತು.

ಟ್ರ್ಯಾಕರಿಗೆ ವಾಪಸ್. ಜಿಪಿಎಸ್ ಸದಾ ಆನ್ ಇಟ್ಟರೆ 3 ಆಂಪ್ ಅವರ್ ಬ್ಯಾಟರಿಯ ಬೈಕ್ ಮೂರು ದಿನ ನಿಂತರೆ ಸೆಲ್ಫ್ ಮಾತಾಡಲ್ಲ. ಸ್ವಿಚ್ಚಿನ ಹಾಗೆ ಒಂದು ಪಿ-ಚಾನೆಲ್ ಮಾಸ್‌ಫೆಟ್ಟಿನಿಂದ ಜಿಪಿಎಸ್ ಕಡಿದು, ಮಾಡ್ಯೂಲನ್ನು ಸ್ಲೀಪಿಗೆ ಹಾಕಿ, ಪ್ರೊ ಮಿನಿಯ ಪವರ್ ಎಲ್‌ಇಡಿ ಕಿತ್ತರೆ ತಿಂಗಳು ದಾಟುತ್ತೆ. ಬಕ್ ಎಲ್‌ಎಂ2596 ಆಗಿದ್ದರೆ ಅದೊಂದೇ ಸುಮ್ಮನೆ 5 ಮಿಲಿಆಂಪ್ ಕುಡಿಯುತ್ತೆ, ಎಂಪಿ1584 ವಾಸಿ. ಆದರೆ ಅದಕ್ಕೆ 28 ವೋಲ್ಟೇ ಮಿತಿ, ಮುಂದೆ ವೋಲ್ಟೇಜಿನ ದಿಢೀರ್ ಜಿಗಿತ ತಡೆಯೋ ಒಂದು ಟಿವಿಎಸ್ ಡಯೋಡ್ ಇರಲೇಬೇಕು. ಪೆಟ್ಟಿಗೆಯನ್ನು ಸೈಡ್ ಕವರಿನೊಳಗೆ ಇಡೋದು ಬೇಡ, ಕಳ್ಳ ಮೊದಲು ಕೈ ಹಾಕೋದು ಅಲ್ಲಿಗೇ. ಟ್ಯಾಂಕ್ ಅಡಿ ತಗಡಿನ ಕಾಟಕ್ಕೆ ಜಿಪಿಎಸ್ ಸಿಗಲ್ಲ. ಹೆಡ್‌ಲೈಟ್ ವೈಸರಿನ ಪ್ಲಾಸ್ಟಿಕ್ ಹಿಂದೆ, ಆಂಟೆನಾ ಆಕಾಶ ನೋಡುವಂತೆ. ಹಾಗಂತ ಚೈನ್ ಬೀಗ ಬಿಡಬೇಡಿ. ಹಿಂದಿನ ಚಕ್ರ ಮತ್ತು ಫ್ರೇಮ್ ಎರಡನ್ನೂ ಸುತ್ತಿ, ಸಾಧ್ಯವಾದರೆ ಕಂಬಕ್ಕೂ ಕಟ್ಟಿ.

ಮೆಸೇಜ್ ಬಂದೇಬಿಟ್ಟರೆ ಲೊಕೇಶನ್ ಹಿಡಿದು ನೀವೇ ನುಗ್ಗಬೇಡಿ. 112ಕ್ಕೆ ಫೋನ್ ಮಾಡಿ, ಚಲಿಸುತ್ತಿರೋ ಲೊಕೇಶನ್ ಪೊಲೀಸರಿಗೆ ತೋರಿಸಿ. ಗಾಡಿ ಹೋದದ್ದು ಚಿಕ್ಕಮಗಳೂರಲ್ಲಿ, ನೀವಿರೋದು ಹಾಸನದಲ್ಲಿ ಅಂತಾದರೂ 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ಆರ್‌ಸಿ, ಚಾಸಿ ನಂಬರ್, ಎಂಜಿನ್ ನಂಬರಿನ ಫೋಟೋ ಮೊಬೈಲಲ್ಲಿ ಇವತ್ತೇ ಇಟ್ಟುಕೊಳ್ಳಿ. ವಿಮೆಯವರು ಎರಡೂ ಒರಿಜಿನಲ್ ಕೀ ಕೇಳುತ್ತಾರೆ, ಎರಡನೇ ಕೀ ಸೀಟಿನಡಿ ಇಡೋ ಚಾಳಿ ಇದ್ದರೆ ಬಿಟ್ಟುಬಿಡಿ.

ಬಾಕಿ ಇರೋದು ಮಳೆ. ಬೋರ್ಡಿಗೆ ಎರಡು ಕೋಟ್ ನೇಲ್ ಪಾಲಿಶ್ ಆಗಿದೆ (ಬಣ್ಣ ಕೆಂಪು, ಮನೆಯಲ್ಲಿ ಇದ್ದದ್ದೇ ಅದು), ವೈರ್ ಪೆಟ್ಟಿಗೆಗೆ ಕೆಳಗಿನಿಂದ ಬಾಗಿ ಒಳಹೋಗುತ್ತೆ, ವೈರ್ ತೂರೋ ತೂತಿಗೆ ನೀರು ತಡೆಯೋ ಗ್ಲ್ಯಾಂಡ್ ಮಾತ್ರ ಪಿಜಿ7 ಅಳತೆಯದ್ದು ಕೇಳಿದರೆ ಪಿಜಿ9 ಕಳಿಸಿದ್ದಾರೆ.