ನಳ ಬಿಚ್ಚಿ ನೋಡೀಯೇನು?

ಸೋಮವಾರ ಬೆಳಿಗ್ಗೆ ಬ್ಯೂರೆಟ್ ಮುಂದೆ ನಿಂತಾಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಶುಕ್ರವಾರ ಬಿಒಡಿಗೆ (ನೀರಿನ ಕೊಳಕನ್ನು ತಿನ್ನೋಕೆ ಜೀವಾಣುಗಳು ಮೂರು ದಿನದಲ್ಲಿ ಎಷ್ಟು ಆಕ್ಸಿಜನ್ ಬಳಸುತ್ತವೆ ಅಂತ ನೋಡೋ ಪರೀಕ್ಷೆ) ಇಟ್ಟ ಬಾಟಲಿಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು, ಒಂದೊಂದಾಗಿ ಟೈಟ್ರೇಷನ್ ಮಾಡಿ ಉಳಿದ ಆಕ್ಸಿಜನ್ ಅಳೆಯುತ್ತಿದ್ದೆ. ಬ್ಲ್ಯಾಂಕ್ ಬಾಟಲಿಯಲ್ಲಿ ಶುಕ್ರವಾರ ಲೀಟರಿಗೆ 7.4 ಮಿಲಿಗ್ರಾಂ ಇದ್ದ ಆಕ್ಸಿಜನ್ ಈಗ 6.5. (7.4 ಕಡಿಮೆ ಅಂದುಕೊಳ್ಳಬೇಡಿ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, 27 ಡಿಗ್ರಿಯಲ್ಲಿ ಇಲ್ಲಿನ ನೀರು ಹಿಡಿಯೋದೇ ಅಷ್ಟು.) ಬ್ಲ್ಯಾಂಕ್ ಅಂದರೆ ಸ್ಯಾಂಪಲ್ ಒಂದು ಹನಿಯೂ ಇಲ್ಲದ, ಸ್ಯಾಂಪಲ್ ತೆಳು ಮಾಡೋಕೆ ಬಳಸುವ ಬರೀ ಡೈಲ್ಯೂಷನ್ ನೀರು. ಅದರಲ್ಲಿ 0.2ಕ್ಕಿಂತ ಜಾಸ್ತಿ ಇಳಿಯಬಾರದು. ಇಲ್ಲಿ 0.9 ಇಳಿದಿತ್ತು. ತಿನ್ನೋಕೆ ಏನೂ ಇಲ್ಲದ ನೀರಲ್ಲಿ ಯಾರು ಉಸಿರಾಡಿದರು?

ನಮ್ಮದು ಪುಣೆ ಪಕ್ಕದ ಕಾರ್ಖಾನೆಗಳ ಪ್ರದೇಶ ಭೋಸರಿಯ ಒಂದು ಸಣ್ಣ ಲ್ಯಾಬ್. ಆ ಬ್ಯಾಚಿನಲ್ಲಿ ಒಂದು ಡೈರಿಯ ನೀರು, ಎರಡು ಹೌಸಿಂಗ್ ಸೊಸೈಟಿಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಇತ್ತು. ನನಗೆ ಮೊದಲು ಹೊಳೆದದ್ದು ಕಳ್ಳದಾರಿಯೇ. ಎಲ್ಲದರಲ್ಲೂ 0.9 ಕಳೆದುಬಿಟ್ಟರೆ ಆಯ್ತಲ್ವಾ? ಲೆಕ್ಕ ಹಾಕಿದ ಮೇಲೆ ಬೆವರು ಬಂತು. ಡೈರಿ ನೀರಿನ ಬಿಒಡಿ ಸಾವಿರ ದಾಟುತ್ತೆ, ಅದಕ್ಕೇ 300 ಎಂಎಲ್ ಬಾಟಲಿಗೆ ಬರೀ 1 ಎಂಎಲ್ ಹಾಕಿ ಕೊನೆಗೆ 300ರಿಂದ ಗುಣಿಸುತ್ತೇವೆ. ಆ 0.9 ಕೂಡ ಗುಣಿಸಿಕೊಂಡು 270 ಆಗುತ್ತೆ. ಕಳೆಯೋಣ ಅಂದರೆ, ಆ ಬಾಟಲಿಯಲ್ಲೂ ನೀರು ಅಷ್ಟನ್ನೇ ತಿಂದಿದೆ ಅಂತ ಯಾವ ದೇವರು ಬಂದು ಹೇಳಬೇಕು?

ಬ್ಯಾಚು ಹೋಯ್ತು. ಉಳಿದ ಸ್ಯಾಂಪಲ್ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿತ್ತು, ಆದರೆ ಅಷ್ಟು ಹಳೆಯದು ಬಿಒಡಿಗೆ ನಡೆಯಲ್ಲ. ಮತ್ತೆ ಸ್ಯಾಂಪಲ್ ಬೇಕು ಅಂತ ಫೋನ್ ಮಾಡಿದಾಗ ಆ ಕಡೆಯಿಂದ ಬಂದ ಮರಾಠಿಯನ್ನು ಇಲ್ಲಿ ಬರೆಯೋದಿಲ್ಲ.

ಆಮೇಲೆ ಶುರುವಾಯ್ತು ಹುಡುಕಾಟ. ಬ್ಯೂರೆಟ್ಟಿನಿಂದ ಹನಿಸುವ ಥಯೋಸಲ್ಫೇಟ್ ದ್ರಾವಣವನ್ನು ಮತ್ತೆ ಸ್ಟ್ಯಾಂಡರ್ಡೈಸ್ ಮಾಡಿ ಅದರ ಸಾಂದ್ರತೆ ನೋಡಿದೆ, ಸರಿ ಇತ್ತು. ಡೈಲ್ಯೂಷನ್ ನೀರಿಗೆ ಸೇರಿಸುವ ಫಾಸ್ಫೇಟ್ ಬಫರಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಪಾಚಿಯ ಎಳೆ ಇರಲಿಲ್ಲ. ಬಾಟಲಿಗಳನ್ನು ನಾನೇ ಆಸಿಡ್ ಹಾಕಿ, ನಲ್ಲಿ ನೀರಲ್ಲಿ ತೊಳೆದು, ಡಿಸ್ಟಿಲ್ಡ್ ನೀರಲ್ಲಿ ಜಾಲಾಡಿಸಿದ್ದೆ, ಗಾಜಿನ ಬಿರಡೆಗಳನ್ನೂ ಬಿಡದೆ.

ಮಧ್ಯಾಹ್ನ ಅಕ್ಕ ಬಂದರು. ಇಡೀ ಲ್ಯಾಬಿನಲ್ಲಿ ಕನ್ನಡದವರು ನಾವಿಬ್ಬರೇ, ಅವರು ವಿಜಯಪುರದ ಇಂಡಿ ಕಡೆಯವರು, ಈ ಕೆಲಸದಲ್ಲಿ ನನಗಿಂತ ತುಂಬಾ ಹಿರಿಯರು. ನನ್ನ ಪುರಾಣ ಪೂರ್ತಿ ಕೇಳಿ ಒಂದೇ ಮಾತು ಕೇಳಿದರು. "ಎಲ್ಲಾ ತೊಳದಿ ಖರೆ. ನಳ ಬಿಚ್ಚಿ ನೋಡೀಯೇನು?"

ಡಿಸ್ಟಿಲ್ಡ್ ನೀರು ತುಂಬಿಡುವ 20 ಲೀಟರಿನ ಪ್ಲಾಸ್ಟಿಕ್ ಕ್ಯಾನಿನ ನಳ. ಕ್ಯಾನು ವಾರಕ್ಕೊಮ್ಮೆ ತೊಳೆಯುತ್ತಿದ್ದೆ, ನಳ ಸಮೇತ, ಬಿಚ್ಚದೆ. ತಿರುಗಿಸಿ ಬಿಚ್ಚಿದೆವು. ವಾಷರಿನ ಹಿಂದೆ ಕಪ್ಪಗೆ ಒಂದು ಉಂಗುರ ಕೂತಿತ್ತು. ನಳಕ್ಕೆ ಸಿಕ್ಕಿಸಿದ್ದ ರಬ್ಬರ್ ಟ್ಯೂಬನ್ನು ಅಕ್ಕ ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಹೊರಗೆ ಹೊಸದರ ಹಾಗೆ ಕಾಣೋ ಟ್ಯೂಬು, ಒಳಗೆ ಬೆಂಡೆಕಾಯಿ ಲೋಳೆ. ಬೆರಳಿಟ್ಟರೆ ಜಾರುತ್ತಿತ್ತು, ಮಳೆಗಾಲದ ಗೋಡೆಯ ವಾಸನೆ. ನಾನು ಬಳಸುತ್ತಿದ್ದ ನೀರೆಲ್ಲ ಇದನ್ನು ಸವರಿಕೊಂಡೇ ಬರುತ್ತಿತ್ತು, ಜೊತೆಗೆ ಒಂದಿಷ್ಟು ಜೀವಾಣುಗಳನ್ನೂ ಅವುಗಳ ಬುತ್ತಿಯನ್ನೂ ತರುತ್ತಿತ್ತು.

"ಇಷ್ಟಕ್ಕೆ ಇಷ್ಟೊಂದು ರಾದ್ಧಾಂತನಾ ಅಕ್ಕಾ" ಅಂದೆ.

"ಇಲ್ಲಿಂದ ಪವನಾ ಹೊಳೀಗೆ, ಪವನಾದಿಂದ ಮುಳಾಕ್ಕ, ಕಡೀಕ ನಮ್ಮೂರ ಭೀಮಾಕ್ಕ ಬರ್ತದ ಈ ನೀರು. ಸುಮ್ನ ತೊಳಿ."

ನಳವನ್ನು ಬ್ಲೀಚಿಂಗ್ ನೀರಲ್ಲಿ ನೆನೆಸಿ, ಆಮೇಲೆ ತೊಳೆದದ್ದು ಎಷ್ಟು ಸಲ ಅಂತ ಲೆಕ್ಕ ಇಡಲಿಲ್ಲ, ಯಾಕಂದರೆ ಕ್ಲೋರಿನ್ ಒಂಚೂರು ಉಳಿದರೂ ಅದು ಜೀವಾಣುಗಳನ್ನು ಕೊಂದು ಕೊಳಕು ನೀರನ್ನೂ ಚೊಕ್ಕ ಅಂತ ತೋರಿಸುತ್ತೆ, ಅದು ಇದಕ್ಕಿಂತ ದೊಡ್ಡ ಮೋಸ. ಹೊಸ ಟ್ಯೂಬು ಹಾಕಿದೆ. ಹೊಸ ನೀರಿಗೆ ಗಾಳಿ ಹಾಯಿಸಿ, ಲೀಟರಿಗೆ ಒಂದೊಂದು ಎಂಎಲ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್ ಸೇರಿಸಿದೆ. ಟ್ಯೂಬನ್ನು ಬಾಟಲಿಯ ತಳಕ್ಕೆ ಇಳಿಸಿ ಮೆಲ್ಲಗೆ ತುಂಬಿದೆ. ಪಕ್ಕಕ್ಕೆ ತಟ್ಟಿ ಗುಳ್ಳೆ ಬಿಡಿಸಿ ಬಿರಡೆ ಹಾಕಿ, ಕೊರಳಿಗೆ ನೀರು ನಿಲ್ಲಿಸಿದೆ. ಬರೀ ಬ್ಲ್ಯಾಂಕ್, ನಾಲ್ಕು ಬಾಟಲಿ. ಎರಡನ್ನು ಆಗಲೇ ಟೈಟ್ರೇಟ್ ಮಾಡಿದೆ, 7.4. ಇನ್ನೆರಡು ಇನ್‌ಕ್ಯುಬೇಟರಿಗೆ.

ಸೋಮವಾರ ಇಟ್ಟರೆ ಮೂರು ದಿನಕ್ಕೆ ಗುರುವಾರ. ಭೋಸರಿಯಲ್ಲಿ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರವೇ, ಅದಕ್ಕೇ ಸೋಮವಾರ ನಾವು ಬಿಒಡಿ ಇಡೋದೇ ಇಲ್ಲ. ಅವತ್ತು ಮಾತ್ರ ಒಬ್ಬನೇ ಹೋಗಿ ಬೀಗ ತೆಗೆದೆ. ಬಾಟಲಿ ಹೊರಗಿಡುವಷ್ಟರಲ್ಲಿ ಕರೆಂಟೂ ಹೋಯ್ತು. ಕಿಟಕಿ ಹತ್ತಿರ ಸ್ಟ್ಯಾಂಡ್ ಎಳೆದುಕೊಂಡೆ. ಮ್ಯಾಂಗನೀಸ್, ಅಝೈಡ್ ಹಾಕಿದ ಕೂಡಲೇ ಕಂದು ಬಣ್ಣದ ಗಷ್ಟು ಎದ್ದಿತು, ಆಕ್ಸಿಜನ್ ಇದೆ ಅಂತ. ಆಸಿಡ್‌ಗೆ ಅದು ಕರಗಿ ಹಳದಿಯಾಯ್ತು. ಬಣ್ಣ ತೆಳುವಾದಾಗ ಸ್ಟಾರ್ಚ್ ಹಾಕಿದರೆ ಕಡುನೀಲಿ. ಥಯೋಸಲ್ಫೇಟ್ ಹನಿ ಹನಿ ಬಿಡ್ತಾ ಹೋದೆ, ಒಂದು ಹನಿಗೆ ನೀಲಿ ಪೂರ್ತಿ ಮಾಯವಾಯ್ತು. 7.3. ಇನ್ನೊಂದೂ 7.3.

ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಕುಕ್ಕರ್ ಕೂಗ್ತಾ ಇತ್ತು.

"ಎಷ್ಟ ಇಳೀತು?"

"ಬರೀ 0.1 ಅಕ್ಕಾ."

"ಛಲೋ ಆತು. ನಳ ಬಿಚ್ಚಿ ಒಣಗಾಕ ಇಟ್ಟೀಯಿಲ್ಲ?"

ಕ್ಯಾನಿನ ಕಡೆ ನೋಡಿದೆ. ನಳ ಹಾಗೇ ಇತ್ತು, ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. "ಇಟ್ಟೀನಿ ಅಕ್ಕಾ" ಅಂದು, ಫೋನನ್ನು ಭುಜಕ್ಕೆ ಒತ್ತಿಕೊಂಡು, ಸದ್ದಾಗದ ಹಾಗೆ ನಳ ತಿರುಗಿಸತೊಡಗಿದೆ.