ಜೇಬಿನಲ್ಲಿ ಎಂಟು ಪೆನ್ನಿ

ಜೇಮ್ಸ್ ಜಾಯ್ಸ್‌ನ ‘ಅರಾಬಿ’ ಚಿಕ್ಕ ಕಥೆ. 1914ರಲ್ಲಿ ಬಂದ ‘ಡಬ್ಲಿನರ್ಸ್’ ಸಂಕಲನದ್ದು. ಘಟನೆ ಅಂತ ಹೇಳಲು ಜಾಸ್ತಿ ಏನಿಲ್ಲ. ಒಬ್ಬ ಹುಡುಗನಿಗೆ ಗೆಳೆಯನ ಅಕ್ಕನ ಮೇಲೆ ಮನಸ್ಸು. ಅವಳಿಗೆ ಅರಾಬಿ ಎನ್ನುವ ಮೇಳಕ್ಕೆ ಹೋಗಲು ಆಗುವುದಿಲ್ಲ. ನಾನು ಹೋದರೆ ನಿನಗೇನಾದರೂ ತರುತ್ತೇನೆ ಎನ್ನುತ್ತಾನೆ. ಹೋಗುತ್ತಾನೆ, ಏನೂ ತರುವುದಿಲ್ಲ. ಅಷ್ಟೇ.

ಇಂಥ ಕಥೆ ಅಂದರೆ ಸಾಕು, ಮಕ್ಕಳು ಪೆನ್ನು ಹಿಡಿದು ಕೂರುತ್ತಾರೆ. “ಸಂಕೇತ ಯಾವ್ಯಾವುದು ಹೇಳ್ಬಿಡಿ ಮೇಡಂ, ಬರ್ಕೊಳ್ತೀವಿ.” ಗೈಡುಗಳಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ. ಸೇಬಿನ ಮರ ಅಂದರೆ ಇದು, ತುಕ್ಕು ಹಿಡಿದ ಪಂಪು ಅಂದರೆ ಅದು. ನನಗೆ ಆ ಪಟ್ಟಿ ಕಂಡರೆ ಆಗುವುದಿಲ್ಲ. ಕಥೆ ಓದದೆಯೇ ಬಾಯಿಪಾಠ ಮಾಡಬಹುದಲ್ಲ! ಹಾಗಾಗಿ ಅವತ್ತು ಸಂಕೇತದ ಮಾತೇ ಎತ್ತದೆ ಬೋರ್ಡಿನ ಮೇಲೆ ಬೀದಿಯೊಂದನ್ನು ಬರೆದೆ.

ನಾರ್ತ್ ರಿಚ್ಮಂಡ್ ಸ್ಟ್ರೀಟ್. ಒಂದು ತುದಿ ಮುಚ್ಚಿಕೊಂಡ ಬೀದಿ. ಆ ತುದಿಯಲ್ಲಿ ಯಾರೂ ಇಲ್ಲದ ಎರಡಂತಸ್ತಿನ ಮನೆ. ಉಳಿದವು ಕಂದು ಬಣ್ಣದ, ಗಂಭೀರವಾಗಿ ನಿಂತ ಮನೆಗಳು. ಹುಡುಗ ಇರುವ ಮನೆಯಲ್ಲಿ ಹಿಂದೆ ಒಬ್ಬ ಪಾದ್ರಿ ಇದ್ದು ತೀರಿಕೊಂಡಿದ್ದಾನೆ. ಕೋಣೆಗಳಲ್ಲಿ ಮುಗ್ಗಲು ವಾಸನೆ. ಇಷ್ಟು ಬರೆದು, “ಈಗ ಹುಡುಗನನ್ನು ಎಲ್ಲಿ ಕೂರಿಸೋಣ?” ಎಂದೆ.

ಪುಸ್ತಕ ತಿರುವಿ ಹಾಕಿದರು. ಮುಂದಿನ ಕೋಣೆಯ ನೆಲದ ಮೇಲೆ ಎಂದು ಒಬ್ಬಳು ಹುಡುಕಿ ಹೇಳಿದಳು. ದಿನಾ ಬೆಳಿಗ್ಗೆ ಅವನು ಅಲ್ಲಿ ಮಲಗಿ ಅವಳ ಮನೆಯ ಬಾಗಿಲು ನೋಡುತ್ತಿರುತ್ತಾನೆ. ತಾನು ಯಾರಿಗೂ ಕಾಣಬಾರದೆಂದು ಕಿಟಕಿಯ ಪರದೆಯನ್ನು ಒಂದೇ ಒಂದು ಇಂಚು ಬಿಟ್ಟು ಪೂರ್ತಿ ಇಳಿಸಿರುತ್ತಾನೆ. ಹಿಂದಿನ ಬೆಂಚಿನಿಂದ ಒಬ್ಬ, “ಅಂದ್ರೆ ಅವನು ಅವಳನ್ನ ನೋಡ್ತಿರೋದೇ ಒಂದಿಂಚಿನಲ್ಲಿ!” ಎಂದ. ಎಲ್ಲರೂ ನಕ್ಕರು. ನಾನು ಬೋರ್ಡಿನ ಮೇಲೆ ಕಿಟಕಿ ಬರೆದು ಆ ಒಂದಿಂಚನ್ನು ಬಣ್ಣದ ಚಾಕ್‌ಪೀಸಿನಲ್ಲಿ ತುಂಬಿದೆ. ಸ್ಥಳ ಅನ್ನುವುದು ಕಥೆಯ ಹಿಂದೆ ತೂಗುಹಾಕಿದ ಚಿತ್ರ ಅಲ್ಲ ಅಂತ ಇದಕ್ಕಿಂತ ಚೆನ್ನಾಗಿ ನಾನೇನು ಹೇಳಲಿ?

ಅರಾಬಿ ಮೇಳ ಡಬ್ಲಿನ್‌ನಲ್ಲಿ ನಿಜಕ್ಕೂ ನಡೆದಿತ್ತು, 1894ರ ಮೇ ತಿಂಗಳಲ್ಲಿ. ಜಾಯ್ಸ್‌ಗೆ ಆಗ 12 ವರ್ಷ. ಕಥೆಯಲ್ಲಿ ಮಾತ್ರ ಆ ಶನಿವಾರ ಬೆಳಿಗ್ಗೆ ಕೊರೆಯುವ ಗಾಳಿ. ಮೇ ತಿಂಗಳ ಸುದ್ದಿಯೇ ಇಲ್ಲ. ಕ್ಯಾಲೆಂಡರಿಗಿಂತ ಹುಡುಗನ ಮನಸ್ಸಿಗೆ ಯಾವ ಹವೆ ಒಗ್ಗುತ್ತದೆ ಅನ್ನುವುದು ಮುಖ್ಯವಾಗಿತ್ತು ಅಂತ ನನ್ನ ಅನಿಸಿಕೆ.

ಮುಂದೆ ಸಂಘರ್ಷ. ಮನುಷ್ಯನಿಗೂ ಮನುಷ್ಯನಿಗೂ, ಮನುಷ್ಯನಿಗೂ ಸಮಾಜಕ್ಕೂ, ತನಗೂ ತನಗೂ ಎಂಬ ವಿಂಗಡಣೆ ಅವರಿಗೆ ಗೊತ್ತೇ ಇತ್ತು. ಇಲ್ಲಿ ಯಾರ ಜೊತೆ ಜಗಳ ಎಂದು ಕೇಳಿದೆ. ತರಗತಿಗೆ ತರಗತಿಯೇ ಹುಡುಗನ ಚಿಕ್ಕಪ್ಪನ ಮೇಲೆ ಬಿತ್ತು. ಮೇಳಕ್ಕೆ ಹೋಗಲು ದುಡ್ಡು ಕೊಡಬೇಕಾದವನು ಅವನೇ. ತಪ್ಪೇನಿಲ್ಲ. ಹುಡುಗ ಕಾದೂ ಕಾದೂ ಸಾಕಾಗಿರುವಾಗ ರಾತ್ರಿ ಒಂಬತ್ತಕ್ಕೆ ಬರುತ್ತಾನೆ ಆಸಾಮಿ, ಅದೂ ಮರೆತೇಬಿಟ್ಟು. ರೈಲು ಬೇರೆ ತಡ. ಮೇಳದ ಕಟ್ಟಡ ಮುಟ್ಟುವಾಗ ಹತ್ತಕ್ಕೆ ಹತ್ತು ನಿಮಿಷ.

ಆಗ ನಾಣ್ಯದ ಲೆಕ್ಕ ತೆಗೆದೆ. ಚಿಕ್ಕಪ್ಪ ಕೊಟ್ಟದ್ದು ಒಂದು ಫ್ಲೋರಿನ್, ಅಂದರೆ ಎರಡು ಶಿಲ್ಲಿಂಗ್. ಆಗಿನ ಶಿಲ್ಲಿಂಗಿಗೆ 12 ಪೆನ್ನಿ. ಒಟ್ಟು 24. ಬಾಗಿಲಲ್ಲಿ ಒಂದು ಶಿಲ್ಲಿಂಗ್ ಕೊಡುತ್ತಾನೆ, ಅರ್ಧ ಅಲ್ಲೇ ಹೋಯಿತು. ಕೊನೆಯಲ್ಲಿ ಜೇಬಿನೊಳಗೆ ಎರಡು ಪೆನ್ನಿಗಳನ್ನು ಆರು ಪೆನ್ನಿಯ ನಾಣ್ಯದ ಮೇಲೆ ಬೀಳಿಸುತ್ತಾನೆ. ಉಳಿದಿದ್ದು ಎಂಟು. ಹಾಗಾದರೆ ರೈಲಿಗೆ ನಾಲ್ಕು ಹೋಗಿರಬೇಕು. ಲೆಕ್ಕ ತಾಳೆಯಾದಾಗ ಮಕ್ಕಳಿಗೆ ಏನು ಖುಷಿ ಅಂತೀರಿ, ಕಥೆಗಾರನನ್ನೇ ಹಿಡಿದುಹಾಕಿದ ಹಾಗೆ!

ಅಷ್ಟರಲ್ಲಿ ಯಾವಾಗಲೂ ಸುಮ್ನೆ ಕೂರುವ ಒಬ್ಬ ಹುಡುಗ ಕೇಳಿದ: “ಎಂಟು ಪೆನ್ನಿ ಇತ್ತಲ್ವಾ ಮೇಡಂ? ಏನಾದ್ರೂ ಚಿಕ್ಕದು ತಗೋಬಹುದಿತ್ತು. ಯಾಕೆ ತಗೊಳ್ಳಲಿಲ್ಲ?”

ಅವತ್ತಿನ ಪಾಠ ತಿರುಗಿದ್ದೇ ಅಲ್ಲಿ. ಉತ್ತರ ಹೇಳದೆ ಆ ಭಾಗವನ್ನು ಅವನ ಕೈಲೇ ಜೋರಾಗಿ ಓದಿಸಿದೆ. ಮಳಿಗೆಗಳು ಬಹುತೇಕ ಮುಚ್ಚಿವೆ. ಇಬ್ಬರು ತಟ್ಟೆಯ ಮೇಲೆ ದುಡ್ಡು ಎಣಿಸುತ್ತಿದ್ದಾರೆ. ಪಿಂಗಾಣಿ ಹೂದಾನಿ ಮಾರುವ ಹುಡುಗಿ ಇಬ್ಬರು ಗಂಡಸರ ಜೊತೆ ಪೊಳ್ಳು ಹರಟೆಯಲ್ಲಿದ್ದಾಳೆ. ಏನಾದರೂ ಬೇಕಾ ಎಂದು ಕೇಳುತ್ತಾಳೆ, ಕೇಳಬೇಕಲ್ಲ ಅಂತ. ಇವನು ಬೇಡ ಎನ್ನುತ್ತಾನೆ. ಆಮೇಲೂ ಕೊಳ್ಳುವವನಂತೆ ಸ್ವಲ್ಪ ಹೊತ್ತು ನಿಂತಿರುತ್ತಾನೆ.

“ಚಿಕ್ಕಪ್ಪ ಬೇಗ ಬಂದಿದ್ರೂ ಅದು ಅದೇ ಮೇಳ ಅಲ್ವಾ?” ಎಂದಳು ಮುಂದಿನ ಸಾಲಿನವಳು. ಜಗಳ ಚಿಕ್ಕಪ್ಪನನ್ನು ಬಿಟ್ಟು ಹುಡುಗನ ಒಳಕ್ಕೆ ಸರಿದದ್ದು ಆಗಲೇ. ದುಡ್ಡು, ಗಡಿಯಾರ ಎರಡೂ ನೆಪವಾದವು. ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಅರಾಬಿ ಬೇರೆ, ಎದುರಿಗಿದ್ದ ಅರಾಬಿ ಬೇರೆ. ನಾನು ಒಂದಕ್ಷರ ಬರೆಸದಿದ್ದರೂ ಮೇಳ ಸಂಕೇತವಾಗಿ ನಿಂತಿತ್ತು.

ಆಮೇಲೆ ಒಂದು ಆಟ ಆಡಿದೆವು. ಕಥೆಯಿಂದ ಒಂದೊಂದೇ ವಸ್ತು ತೆಗೆಯುವುದು, ಕಥೆ ಕುಂಟುತ್ತದೋ ನೋಡುವುದು. ಕುಂಟದಿದ್ದರೆ ಅದು ಬರೀ ಸಾಮಾನು. ಕೊನೆಯಲ್ಲಿ ಆರುವ ದೀಪ ತೆಗೆದರೆ ಹುಡುಗ ತನ್ನನ್ನು ತಾನು ನೋಡಿಕೊಳ್ಳುವ ಆ ಕತ್ತಲೆಯೇ ಇರುವುದಿಲ್ಲ. ಅದನ್ನು ಎಲ್ಲರೂ ಒಪ್ಪಿದರು. ಕಿಟಕಿಯ ಒಂದಿಂಚನ್ನೂ ಬಿಟ್ಟುಕೊಡಲಿಲ್ಲ. ಜಗಳ ಹತ್ತಿದ್ದು ಹಿತ್ತಲಿನಲ್ಲಿ ಸಿಗುವ, ತೀರಿಕೊಂಡ ಪಾದ್ರಿಯ ಸೈಕಲ್ ಪಂಪಿನ ಬಗ್ಗೆ. ಪಾದ್ರಿ ಒಂದು ಕಾಲಕ್ಕೆ ಓಡಾಡಿಕೊಂಡಿದ್ದವನು, ಈಗ ಆ ಮನೆಯಲ್ಲಿ ಎಲ್ಲ ತುಕ್ಕು ಹಿಡಿದಿದೆ ಎಂದಳೊಬ್ಬಳು. “ಪಂಪು ಪಂಪೇ, ಯಾರ ಹಿತ್ತಲಲ್ಲಿ ಹಳೇ ಸಾಮಾನು ಇರಲ್ಲ?” ಎಂದನೊಬ್ಬ. ಗಂಟೆ ಹೊಡೆದರೂ ಇಬ್ಬರೂ ಬಿಡಲಿಲ್ಲ. ಪರೀಕ್ಷೆಯಲ್ಲಿ ಯಾವುದಕ್ಕೆ ಅಂಕ ಕೊಡ್ತೀರಿ ಎಂದು ನನ್ನನ್ನೇ ಕೇಳಿದರು. ಕಥೆಯ ಯಾವ ಸಾಲು ಹಿಡಿದು ಹಾಗೆ ಹೇಳ್ತಿದ್ದೀರಿ ಅಂತ ತೋರಿಸಿದರೆ ಇಬ್ಬರಿಗೂ ಕೊಡ್ತೀನಿ ಎಂದೆ. ಪಂಪು ಪಂಪೇ ಎಂದವನು ಆಗಲೇ ಪುಸ್ತಕ ತೆರೆದು ಹುಡುಕತೊಡಗಿದ್ದ.